ನೂರಕ್ಕೆ ನೂರಾ ಮೂವತ್ತು

ಮುಸುಕಿನ ಜೋಳದ ಲಾರಿಯ ತೂಕ ಪರದೆಯ ಮೇಲೆ ಬಂದು ನಿಲ್ಲುವುದಕ್ಕೂ ಶಿವಮಲ್ಲಪ್ಪ ಕಿಟಕಿಯೊಳಗೆ ತಲೆ ತೂರಿಸುವುದಕ್ಕೂ ಸರಿಹೋಯಿತು.

“ಚನ್ನಯ್ಯನೋರೇ, ನಿಮ್ ಬ್ರಿಡ್ಜ್ ಮೇಲೆ ನೂರು ಕೇಜಿ ಮಡಗುದ್ರೆ ನೂರಾ ಮೂವತ್ತು ತೋರಿಸ್ತದಂತಲ್ಲ? ನಂಗೂ ವಸಿ ಅಂಗೇ ಮಾಡ್ಕೊಡಿ.”

ಹಿಂದೆ ಟೀ ಕುಡಿಯುತ್ತಾ ನಿಂತಿದ್ದ ಟೆಂಪೋದವರು ನಕ್ಕರು. ಚನ್ನಯ್ಯ ತೂಕದ ಸ್ಲಿಪ್ಪನ್ನು ಹರಿದು ಕೈಗಿಟ್ಟ. ಕವಲಂದೆ ಸುತ್ತಿನ ರೈತರಿಂದ ಜೋಳ ಕೊಂಡು ಮಿಲ್ಲಿಗೆ ಹಾಕುವ ಶಿವಮಲ್ಲಪ್ಪ ಎಂದೂ ಆ ಸ್ಲಿಪ್ಪನ್ನು ಓದಿದವನಲ್ಲ. ಮಡಚಿ ಜೇಬಿಗೆ ಹಾಕಿಕೊಂಡು ಹೋಗುವುದು ಅವನ ರೂಢಿ. ಇವತ್ತು ಮಾತ್ರ ಕಣ್ಣಿನ ಹತ್ತಿರ ಹಿಡಿದು ಅಂಕಿಗಳನ್ನೆಲ್ಲ ಓದಿದ. ಓದಿದ ಮೇಲೆ, “ಬೇಜಾರ್ ಮಾಡ್ಕಬೇಡಿ. ತಾಂಡವಪುರದ ಬ್ರಿಡ್ಜ್ ತಾವೂ ಒಂದ್ಸಲ ತೂಗಿಸ್ಕಂಡು ಓಯ್ತೀನಿ. ಮಿಲ್ಲೋರು ಏನಾರಾ ಕೇಳುದ್ರೆ ಇರ್ಲಿ ಅಂತ” ಎಂದ.

ಗೇಲಿಯನ್ನು ಚನ್ನಯ್ಯ ಸಹಿಸಿಕೊಂಡಿದ್ದ. ಈ ಎರಡನೇ ತೂಕದ ಮಾತು ಮಾತ್ರ ಚುಚ್ಚಿತು. ನಂಜನಗೂಡಿನ ಹೊರಗೆ, ಲಾರಿಗಳನ್ನು ತೂಗುವ ಈ ವೇಬ್ರಿಡ್ಜ್‌ನಲ್ಲಿ ಅವನು ಕುಳಿತು ಇಪ್ಪತ್ತು ವರ್ಷಗಳ ಹತ್ತಿರ ಬಂತು. ಮಾರುವವನೂ ಕೊಳ್ಳುವವನೂ ಎದುರುಬದುರು ನಿಂತು ಬೈದಾಡುತ್ತಿದ್ದರೂ ಅವನ ಸ್ಲಿಪ್ ಬಂದ ಮೇಲೆ ಬಾಯಿ ಮುಚ್ಚುತ್ತಿದ್ದರು. ಅಲ್ಲಿ ಅವನಿಗಿದ್ದ ಆಸ್ತಿ ಅದೊಂದೇ. ಇವತ್ತು ಲಾರಿ ಮೈಸೂರು ರಸ್ತೆಯತ್ತ ತಿರುಗಿ, ಅದೇ ಜೋಳವನ್ನು ಇನ್ನೊಬ್ಬರ ಮುಂದೆ ತೂಗಿಸಲು ಹೊರಟಿತ್ತು.

ಇದಕ್ಕೆಲ್ಲ ಕಾರಣ ಅವನ ಹೆಂಡತಿಯ ತಮ್ಮ ಮಹದೇವ. ಅಥವಾ ಮಹದೇವನ ಮೊಬೈಲು. ಅಥವಾ, ಸಿಟ್ಟು ಇಳಿದಾಗ ಚನ್ನಯ್ಯ ಒಪ್ಪಿಕೊಳ್ಳುವಂತೆ, ಬೆಂಕಿಕಡ್ಡಿ ಪೊಟ್ಟಣದಷ್ಟು ದೊಡ್ಡದಾದ ಒಂದು ಸರ್ಕ್ಯೂಟು.

ಚನ್ನಯ್ಯ ಓದಿದ್ದು ಐಟಿಐನಲ್ಲಿ ರೇಡಿಯೋ ಮತ್ತು ಟೀವಿ ರಿಪೇರಿ. ಓದಿ ಮುಗಿಸಿ ಅಂಗಡಿ ಇಡುವ ಹೊತ್ತಿಗೆ ರೇಡಿಯೋ ರಿಪೇರಿಗೆ ತರುವವರು ಇಲ್ಲವಾದರು, ಸ್ವಲ್ಪ ದಿನಕ್ಕೆ ಟೀವಿ ತರುವವರೂ ಇಲ್ಲವಾದರು. ವೇಬ್ರಿಡ್ಜ್‌ನ ಅಂಕಿ ತೋರಿಸುವ ಪೆಟ್ಟಿಗೆ ಕೆಟ್ಟಾಗ ರಿಪೇರಿಗೆಂದು ಬಂದವನನ್ನು ಮಾಲೀಕರು ಅಲ್ಲೇ ಕೂರಿಸಿಕೊಂಡರು. ಬೆಸುಗೆ ಹಾಕುವ ಚಟ ಮಾತ್ರ ಬಿಡಲಿಲ್ಲ. ಮನೆಯ ಹಿಂದಿನ ಕೋಣೆಯಲ್ಲಿ, ಅಕ್ಕಿ ಡಬ್ಬಗಳ ಪಕ್ಕ, ಒಂದು ಮೇಜು ಅವನದು. ಅದರ ಮೇಲೆ ಕೆಟ್ಟುಹೋದ ಬಲ್ಬುಗಳಿಂದ ಕಿತ್ತ ಬಿಡಿಭಾಗಗಳು, ತಾಮ್ರದ ತಂತಿ, ಬೆಸುಗೆ ಕಡ್ಡಿ, ಒಂದೇ ಒಂದು ಅಗ್ಗದ ಮಲ್ಟಿಮೀಟರು, ಮತ್ತೆ ರಾಶಿ ರಾಶಿ ಸತ್ತ ಸೆಲ್ಲುಗಳು. ಗಡಿಯಾರದಲ್ಲೋ ಟೀವಿ ರಿಮೋಟಿನಲ್ಲೋ ಸತ್ತ ಸೆಲ್ಲುಗಳನ್ನು ಬೀದಿಯವರು ಎಸೆಯುವುದಿಲ್ಲ, ಕವರಿಗೆ ಹಾಕಿ ಚನ್ನಯ್ಯನ ಗೇಟಿಗೆ ನೇತುಹಾಕಿ ಹೋಗುತ್ತಾರೆ.

ಸತ್ತ ಸೆಲ್ಲು ಪೂರ್ತಿ ಸತ್ತಿರುವುದಿಲ್ಲ. ಒಳಗೆ ಇನ್ನೂ ಜೀವ ಇರುತ್ತದೆ, ಎಲ್‌ಇಡಿ ದೀಪವನ್ನು ಹೊತ್ತಿಸುವಷ್ಟು ಒತ್ತಡ ಇರುವುದಿಲ್ಲ. ಬಲ್ಬಿನಿಂದ ಕಿತ್ತ ಕಪ್ಪು ಉಂಗುರವೊಂದಕ್ಕೆ ಎರಡು ತಂತಿ ಸುತ್ತಿ, ಒಂದು ಟ್ರಾನ್ಸಿಸ್ಟರು, ಒಂದು ರೆಸಿಸ್ಟರು ಸೇರಿಸಿದರೆ ಆಸಿಲೇಟರ್ ಆಗುತ್ತದೆ. ಅದು ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ತಡೆದು ಬಿಟ್ಟು, ತಡೆದು ಬಿಟ್ಟು ಮಾಡುತ್ತದೆ. ಪ್ರತಿ ಸಲ ತಡೆದಾಗಲೂ ಒತ್ತಡ ಮೇಲಕ್ಕೆ ಚಿಮ್ಮುತ್ತದೆ, ದೀಪ ಹೊತ್ತುತ್ತದೆ. ಕಣ್ಣಿಗೆ ಅದು ಒಂದೇ ಸಮ ಉರಿದಂತೆ ಕಾಣುತ್ತದೆ.

ಬೇರೆಯವರಾಗಿದ್ದರೆ ದೀಪ ಹೊತ್ತಿದ್ದಕ್ಕೇ ಖುಷಿಪಟ್ಟು ಎದ್ದುಹೋಗುತ್ತಿದ್ದರು. ಚನ್ನಯ್ಯನಿಗೆ ತೂಗದೆ ಸಮಾಧಾನವಿಲ್ಲ. ಸೆಲ್ಲಿನಿಂದ ಎಷ್ಟು ಹೊರಟಿತು, ಅದರಲ್ಲಿ ದೀಪಕ್ಕೆ ಎಷ್ಟು ತಲುಪಿತು, ದಾರಿಯಲ್ಲಿ ಎಷ್ಟು ಸೋರಿತು ಎಂದು ಅವನಿಗೆ ಗೊತ್ತಾಗಬೇಕು. ಮೀಟರನ್ನು ಸೆಲ್ಲಿನ ದಾರಿಯಲ್ಲಿ ಸೇರಿಸಿ ಒಳಹರಿವು ಅಳೆದ. ಅಲ್ಲಿಂದ ತೆಗೆದು ದೀಪದ ದಾರಿಯಲ್ಲಿ ಸೇರಿಸಿ ಹೊರಹರಿವು ಅಳೆದ. ಗುಣಿಸಿ, ಭಾಗಿಸಿ ನೋಡಿದರೆ ಒಳಕ್ಕೆ ನೂರು ಕೊಟ್ಟರೆ ಹೊರಕ್ಕೆ ನೂರಾ ಮೂವತ್ತು.

ಇದು ಆಗದ ಮಾತು. ನಂಜನಗೂಡಿನಲ್ಲಿ ನೂರು ಮೂಟೆ ತುಂಬಿದ ಲಾರಿ, ದಾರಿಯಲ್ಲಿ ಎಲ್ಲೂ ನಿಲ್ಲದೆ ಮೈಸೂರಿಗೆ ಹೋಗಿ ನೂರಾ ಮೂವತ್ತು ಮೂಟೆ ಇಳಿಸಿದ ಹಾಗೆ. ಚನ್ನಯ್ಯ ಉಂಗುರ ಬದಲಿಸಿದ, ಟ್ರಾನ್ಸಿಸ್ಟರ್ ಬದಲಿಸಿದ, ತಂತಿಯನ್ನು ಬಿಚ್ಚಿ ಹೊಸದಾಗಿ ಸುತ್ತಿದ. ಒಮ್ಮೆ ನೂರಾ ಹದಿನೆಂಟು, ಒಮ್ಮೆ ನೂರಾ ನಲವತ್ತು. ನೂರರ ಕೆಳಕ್ಕೆ ಬರಲೊಲ್ಲದು. ತಪ್ಪು ಎಲ್ಲೋ ಇದೆ, ಕೈಗೆ ಸಿಗುತ್ತಿಲ್ಲ.

ಆ ಹೊತ್ತಿನಲ್ಲೇ ಮಹದೇವ ಅಕ್ಕನ ಮನೆಗೆ ಬಂದದ್ದು. ತಿ. ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ ಅವನದೊಂದು ಮೊಬೈಲ್ ಮತ್ತು ಸಿಸಿಟಿವಿ ಕ್ಯಾಮರಾ ಅಂಗಡಿ. ಕೈಯಲ್ಲಿ ಸದಾ ಫೋನು, ಫೋನಿನಲ್ಲಿ ಸದಾ ವಿಡಿಯೋ.

“ಭಾವ, ಇದೇನ್ ಮಾಡಿದ್ದೀರಿ, ಈ ಕಡೆ ನೋಡ್ಕಂಡು ವಸಿ ಏಳಿ” ಎಂದು ಫೋನನ್ನು ಎದುರಿಗೆ ಹಿಡಿದ. ಚನ್ನಯ್ಯ ಹೇಳಿದ. ಒಳಕ್ಕೆ ನೂರು ಹೋದರೆ ಹೊರಕ್ಕೆ ನೂರಾ ಮೂವತ್ತು ಬರುತ್ತಿದೆ, ಹಾಗೆ ಬರುವುದಕ್ಕೆ ಸಾಧ್ಯವೇ ಇಲ್ಲ, ನನ್ನ ಅಳತೆಯಲ್ಲಿ ಎಲ್ಲೋ ತಪ್ಪಿದೆ, ಹುಡುಕುತ್ತಿದ್ದೇನೆ ಎಂದ. ಮಹದೇವ ಮೊದಲ ಅರ್ಧವನ್ನು ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿದ. ಇಟ್ಟುಕೊಂಡ ತುಂಡಿಗೆ ಹಿಂದೆ ಡೊಳ್ಳಿನ ಸದ್ದು ಸೇರಿಸಿ ವಾಟ್ಸಾಪ್ ಗುಂಪುಗಳಿಗೆ ಬಿಟ್ಟ. ಅದು ಸೋಸಲೆಯ ನೆಂಟರಿಂದ ಹೊರಟು, ಊರೂರು ಸುತ್ತಿ, ಕೊನೆಗೆ ಕವಲಂದೆಯಲ್ಲಿ ಶಿವಮಲ್ಲಪ್ಪನ ಫೋನಿಗೂ ಬಂತು.

ಜೋಳದ ಲಾರಿ ಎರಡನೇ ತೂಕಕ್ಕೆ ಹೋದ ಸಂಜೆ ಚನ್ನಯ್ಯ ಫೋನು ಮಾಡಿದ.

“ಆ ವಿಡಿಯೋ ತೆಗಿಯಪ್ಪಾ.”

“ಯಾಕ್ ಭಾವ? ಎಂಗ್ ಓಡ್ತಾ ಅದೆ ಗೊತ್ತಾ? ಅಂಗಡಿ ದೊಡ್ದು ಮಾಡಿದ್ದೀನಲ್ಲ, ಓಪನಿಂಗ್ ದಿನ ನಿಮ್ದೇ ಡೆಮೋ. ಫ್ಲೆಕ್ಸೂ ಕಟ್ಸಾಯ್ತು.”

“ಯಾವ ಫ್ಲೆಕ್ಸು?”

ಮಾತು ಮುಗಿಯುವುದರೊಳಗೆ ಫೋಟೋ ಬಂತು. ಅಂಗಡಿಯ ಅಗಲಕ್ಕೂ ಚನ್ನಯ್ಯನ ಮುಖ. ಮದುವೆಯೊಂದರಲ್ಲಿ ಊಟಕ್ಕೆ ಕುಳಿತಿದ್ದಾಗ ತೆಗೆದದ್ದು, ಎಲೆಯನ್ನು ಕತ್ತರಿಸಿ ಹಿಂದೆ ಮಿಂಚು ಹಾಕಿದ್ದರು. ಕೆಳಗೆ ಕೆಂಪಕ್ಷರದಲ್ಲಿ, ‘ನೂರಕ್ಕೆ ನೂರಾ ಮೂವತ್ತು! ವಿದ್ಯುತ್ ಸಂಶೋಧಕ ಚನ್ನಯ್ಯನವರಿಂದ ನೇರ ಪ್ರಾತ್ಯಕ್ಷಿಕೆ.’

“ಬಿಚ್ಚು ಅದ್ನ.”

“ಬಿಚ್ಚುದ್ರೆ ಜನ ಏನಂದಾರು?”

“ಲೇ, ಅದು ಸುಳ್ಳು ಕಣೋ. ಒಳಕ್ಕೆ ಹೋಗಿದ್ದಕ್ಕಿಂತ ಜಾಸ್ತಿ ಹೊರಕ್ಕೆ ಬರೋಕಾಗಲ್ಲ.”

“ವಿಜ್ಞಾನದಲ್ಲಿ ಅಂಗೆಲ್ಲ ಆಗಲ್ಲ ಅನ್ನಂಗಿಲ್ಲ ಭಾವ. ತಂತಿ ಇಲ್ದಂಗೆ ಫೋನ್ ಬತ್ತದೆ ಅಂತ ನಮ್ ತಾತ ಅಂದ್ಕಂಡಿದ್ನಾ?”

ಚನ್ನಯ್ಯ ಕರೆ ಕಟ್ ಮಾಡಿದ. ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟ. ಅಡಿಗೆ ಮನೆಯಿಂದ ರುದ್ರಾಣಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒಂದು ಕಡೆ ಗಂಡ, ಒಂದು ಕಡೆ ತಮ್ಮ.

“ಅಲ್ಲಾ ರೀ, ದೀಪ ಉರೀತದೆ ಅಂತ ಅವ್ನೂ ಏಳ್ತಾನೆ, ನೀವೂ ಏಳ್ತೀರಿ. ಜಗಳ ಯಾತಕ್ಕೆ?”

“ಎಷ್ಟು ಅನ್ನೋದಕ್ಕೆ.”

“ಉರಿಯಾ ದೀಪಕ್ಕೆ ಎಷ್ಟು ಅಂತ ಯಾಕೆ ಬೇಕು? ಆ ಅಕ್ಕಿ ಡಬ್ಬದ ಮ್ಯಾಲಿಂದ ಸೆಲ್ ತೆಗೀರಿ ಮೊದ್ಲು.”

ವಾರದೊಳಗೆ ಇನ್ನೂ ಇಬ್ಬರು ವ್ಯಾಪಾರಿಗಳು ಎರಡನೇ ತೂಕ ಶುರು ಮಾಡಿದರು. ತಾಂಡವಪುರದಲ್ಲೂ ಅದೇ ತೂಕ ಬಂತೆಂದು ಅವರೇ ಹೇಳಿದರೂ, ಬಂದ ಮೇಲೂ ಹೋಗುವುದನ್ನು ಬಿಡಲಿಲ್ಲ. ಮಾಲೀಕರು ಒಂದು ಮಧ್ಯಾಹ್ನ ಬಂದು ಕುರ್ಚಿ ಎಳೆದುಕೊಂಡು ಕುಳಿತರು. ಮೆಲುದನಿಯ ಮನುಷ್ಯ. “ತೂಕ-ಅಳತೆ ಇಲಾಖೆಯೋರು ಬಂದು ಬ್ರಿಡ್ಜ್‌ಗೆ ಸೀಲ್ ಹಾಕ್ಬೋದು ಚನ್ನಯ್ಯ. ನಿಮ್ ಮಾತಿಗೆ ಸೀಲ್ ಹಾಕೋರು ಯಾರು? ಅದೇನದೆ, ಬೇಗ ಮುಗಿಸ್ಬಿಡಿ” ಎಂದು ಎದ್ದುಹೋದರು.

ಹೇಗೆ ಮುಗಿಸುವುದು? ನೂರಾ ಮೂವತ್ತು ಸುಳ್ಳು ಎನ್ನಲು ಬರೀ ಬಾಯಿಮಾತು ಸಾಲದು, ನಿಜವಾದ ಅಂಕಿ ಬೇಕು. ಅದು ಸಿಕ್ಕಿರಲಿಲ್ಲ. ಅಂಗಡಿ ಓಪನಿಂಗ್ ಹತ್ತಿರ ಬರುತ್ತಿತ್ತು.

ಅಂಥದ್ದೊಂದು ಬೆಳಿಗ್ಗೆ ಹತ್ತಿಯ ಲೋಡು ಇಳಿಸಿದ ಟೆಂಪೋ ಖಾಲಿ ತೂಕಕ್ಕೆ ವಾಪಸು ಬಂತು. ಪರದೆಯ ಮೇಲೆ ಬಂದ ಅಂಕಿ ಚನ್ನಯ್ಯನಿಗೆ ಹಿಡಿಸಲಿಲ್ಲ. ಬಗ್ಗಿ ನೋಡಿದರೆ ಡ್ರೈವರು ಸೀಟಿನಲ್ಲೇ ಕುಳಿತು ಫೋನಿನಲ್ಲಿ ಮುಳುಗಿದ್ದ.

“ಇಳೀಲಾ ಕೆಳಕ್ಕೆ!”

“ಬಿಸ್ಲು ಸಾ. ನಾನೇನ್ ಅತ್ತಿ ಮೂಟೆನಾ?”

“ಲೋಡ್ ತೂಗುವಾಗ ಇಳ್ದಿದ್ದೆ. ಈಗ ಮೇಲೆ ಕುಂತಿದ್ದೀಯ. ನಿನ್ ತೂಕನ ಯಾರ್ ಲೆಕ್ಕಕ್ಕೆ ಬರೀಲಿ? ಎರಡು ಸಲಕ್ಕೂ ಕುಂತಿರು, ಇಲ್ಲಾ ಎರಡು ಸಲಕ್ಕೂ ಇಳಿ. ಒಂದ್ಸಲ ಇಳ್ದು ಒಂದ್ಸಲ ಕುಂತ್ರೆ ಅದು ತೂಕವೇನ್ಲಾ?”

ಡ್ರೈವರು ಗೊಣಗುತ್ತಾ ಇಳಿದು ಬಾಗಿಲು ಬಡಿದ. ಅಂಕಿ ಕೆಳಗಿಳಿದು ನಿಂತಿತು. ಚನ್ನಯ್ಯ ಸ್ಲಿಪ್ ಒತ್ತಲಿಲ್ಲ. ಪರದೆಯನ್ನೇ ನೋಡುತ್ತಾ ಕುಳಿತ. ಹಿಂದಿನ ಲಾರಿಯವನು ಹಾರ್ನ್ ಹೊಡೆದಾಗಲೂ ಏಳಲಿಲ್ಲ.

ಮೀಟರೇ ಡ್ರೈವರು. ಕರೆಂಟು ಎಷ್ಟು ಹರಿಯುತ್ತದೆಂದು ನೋಡಬೇಕಾದರೆ ತಂತಿ ಕತ್ತರಿಸಿ ಮಧ್ಯೆ ಮೀಟರನ್ನು ಕೂರಿಸಬೇಕು. ಕೂತ ಮೀಟರು ಸುಮ್ಮನಿರುವುದಿಲ್ಲ. ಅದಕ್ಕೂ ಒಂದು ತಡೆ ಇದೆ. ಒಂದೇ ಸತ್ತ ಸೆಲ್ಲಿನಲ್ಲಿ ಉಸಿರು ಹಿಡಿದುಕೊಂಡಿರುವ ಸರ್ಕ್ಯೂಟಿಗೆ ಆ ತಡೆ ಕುತ್ತಿಗೆ ಹಿಚುಕಿದಂತೆ, ಅದು ಕಡಿಮೆ ಕರೆಂಟು ಎಳೆಯುತ್ತದೆ. ಚನ್ನಯ್ಯ ಆ ಕಡಿಮೆ ಅಂಕಿಯನ್ನು ಒಳಹರಿವು ಎಂದು ಹಿಡಿದಿದ್ದ. ಆಮೇಲೆ ಮೀಟರನ್ನು ಅಲ್ಲಿಂದ ಇಳಿಸಿ ದೀಪದ ಕಡೆಗೆ ಒಯ್ಯುತ್ತಿದ್ದ. ಅಷ್ಟು ಹೊತ್ತಿಗೆ ಸರ್ಕ್ಯೂಟು ಹಗುರಾಗಿ, ಸೆಲ್ಲಿನಿಂದ ಬೇಕಾದಷ್ಟು ಎಳೆದುಕೊಂಡು, ದೀಪಕ್ಕೆ ಧಾರಾಳವಾಗಿ ಕೊಡುತ್ತಿತ್ತು. ಡ್ರೈವರನ್ನು ಕೂರಿಸಿ ಒಂದು ತೂಕ, ಇಳಿಸಿ ಇನ್ನೊಂದು ತೂಕ. ಮನೆಯಲ್ಲಿ ಇದ್ದದ್ದು ಒಂದೇ ಮೀಟರು. ಎರಡಿದ್ದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಮೀಟರ್ ಸೇರಿಸಿದಾಗಲೆಲ್ಲ ದೀಪ ಮಂಕಾಗುವುದನ್ನು ಅವನು ಕಂಡೇ ಇದ್ದ. ಸತ್ತ ಸೆಲ್ಲು, ಇನ್ನೇನಾಗುತ್ತದೆ ಎಂದುಕೊಂಡು ಸುಮ್ಮನಾಗಿದ್ದ. ಇಪ್ಪತ್ತು ವರ್ಷ ಇದೇ ಕಿಟಕಿಯಿಂದ ಊರವರ ಡ್ರೈವರುಗಳಿಗೆಲ್ಲ ಬೈದ ಮಾತನ್ನು ತನ್ನ ಮೇಜಿನ ಮುಂದೆ ಒಂದು ಸಲವೂ ನೆನೆಸಿಕೊಳ್ಳಲಿಲ್ಲವಲ್ಲ ಎಂದು ಅವನಿಗೆ ಮಹದೇವನ ಮೇಲಿದ್ದದ್ದಕ್ಕಿಂತ ಹೆಚ್ಚು ಸಿಟ್ಟು ಈಗ ತನ್ನ ಮೇಲೆ ಬಂತು.

“ಸಾ, ಸ್ಲಿಪ್ ಕೊಡ್ತೀರಾ, ಇಲ್ಲಾ ನಾನ್ ಇಲ್ಲೇ ಒಣೀಕಂಡಿರ್ಲಾ?” ಎಂದ ಬಿಸಿಲಲ್ಲಿ ನಿಂತಿದ್ದ ಡ್ರೈವರು.

ಅವತ್ತು ಸಂಜೆ ಸೆಲ್ಲಿನ ದಾರಿಯಲ್ಲಿ ತೀರಾ ಸಣ್ಣ ತಡೆಯ ಒಂದು ರೆಸಿಸ್ಟರನ್ನು ಕಾಯಂ ಆಗಿ ಬೆಸೆದ. ಕರೆಂಟಿನ ಏರಿಳಿತ ಅದಕ್ಕೆ ತಾಗದಂತೆ ಸರ್ಕ್ಯೂಟಿನ ಬಾಯಲ್ಲೇ ಒಂದು ದೊಡ್ಡ ಕೆಪಾಸಿಟರ್ ಹಾಕಿದ. ಇನ್ನು ತಂತಿ ಕತ್ತರಿಸುವಂತಿಲ್ಲ, ಮೀಟರನ್ನು ಹತ್ತಿಸಿ ಇಳಿಸುವಂತಿಲ್ಲ. ಆ ರೆಸಿಸ್ಟರಿನ ಎರಡು ತುದಿಗೆ ಮೀಟರ್ ಮುಟ್ಟಿಸಿ ಓದಿಕೊಂಡರೆ ಸಾಕು. ಡ್ರೈವರು ಎರಡು ತೂಕಕ್ಕೂ ಕುಳಿತೇ ಇರುತ್ತಾನೆ. ದೀಪದ ಕಡೆಯೂ ಹಾಗೇ ಅಳೆದು ಲೆಕ್ಕ ಹಾಕಿದ. ನೂರಕ್ಕೆ ಅರವತ್ತೊಂದು.

ಚನ್ನಯ್ಯ ಆ ಅಂಕಿಯನ್ನು ನೋಡಿ ಆಗಲೇ ನಂಬಲಿಲ್ಲ. ಒಂದು ಸಲ ಮೋಸ ಹೋದವನು. ವೇಬ್ರಿಡ್ಜ್ ಸರಿಯಿದೆಯೇ ಎಂದು ನೋಡಲು ಇಲಾಖೆಯವರು ಮೊಹರು ಹಾಕಿದ ತೂಕದ ಬಟ್ಟುಗಳನ್ನು ತಂದಿಡುತ್ತಾರೆ. ಹಾಗೆ ಬೇರೆ ಕಡೆಯಿಂದ ಬಂದ ಇನ್ನೊಂದು ಸಾಕ್ಷಿ ಬೇಕಿತ್ತು. ಕಾಗದದ ಮೇಲಿನ ಎಣ್ಣೆ ಕಲೆಯ ಒಂದು ಹಳೆಯ ಪಾಠ ಐಟಿಐನಲ್ಲಿ ಕೇಳಿದ್ದು ನೆನಪಾಯಿತು. ಕಾಗದದ ಎರಡೂ ಬದಿಗೆ ಒಂದೊಂದು ದೀಪವಿಟ್ಟರೆ, ಬೆಳಕು ಹೆಚ್ಚುಕಡಿಮೆ ಇರುವವರೆಗೆ ಕಲೆ ಕಾಣುತ್ತಿರುತ್ತದೆ, ಎರಡೂ ಸಮವಾದ ಕೂಡಲೇ ಮಾಯವಾಗುತ್ತದೆ. ಬಜಾರಿನಿಂದ ಬೋಂಡಾ ಕಟ್ಟಿಸಿಕೊಂಡು ಬಂದ. ಬೋಂಡಾ ರುದ್ರಾಣಿಗೆ ಕೊಟ್ಟು ಕಾಗದ ತಾನಿಟ್ಟುಕೊಂಡ.

“ಇರುವೆ ಬತ್ತವೆ ಕಣ್ರೀ, ಪಕ್ಕದಲ್ಲೇ ಅಕ್ಕಿ ಅದೆ” ಎಂದಳು ರುದ್ರಾಣಿ, ಬೋಂಡಾ ತಿನ್ನುತ್ತಾ.

ಒಂದು ಬದಿಗೆ ಆಸಿಲೇಟರಿನ ದೀಪ. ಇನ್ನೊಂದು ಬದಿಗೆ ಅಂಥದ್ದೇ ದೀಪ, ಆದರೆ ಹೊಸ ಸೆಲ್ಲುಗಳಿಂದ ನೇರವಾಗಿ ಉರಿಯುವಂಥದ್ದು. ಏರಿಳಿತವಿಲ್ಲದ ಅಂಥ ಕರೆಂಟನ್ನು ಅಗ್ಗದ ಮೀಟರೂ ಪ್ರಾಮಾಣಿಕವಾಗಿಯೇ ಅಳೆಯುತ್ತದೆ. ಎರಡನೆಯ ದೀಪವನ್ನು ತಿರುಪು ತಿರುಗಿಸಿ ಮೆಲ್ಲಗೆ ಮಂಕು ಮಾಡುತ್ತಾ ಬಂದ. ಬೋಂಡಾದ ಕಲೆ ತೆಳುವಾಗುತ್ತಾ ಬಂದು ಒಂದು ಕಡೆ ಇಲ್ಲವಾಯಿತು. ಅಲ್ಲಿ ನಿಲ್ಲಿಸಿ ಅಳೆದ. ಅರವತ್ತಕ್ಕೆ ಚೂರು ಕಡಿಮೆ. ಒಬ್ಬರ ಪರಿಚಯ ಒಬ್ಬರಿಗಿಲ್ಲದ ಇಬ್ಬರು ಸಾಕ್ಷಿಗಳು ಹೆಚ್ಚುಕಡಿಮೆ ಒಂದೇ ಮಾತು ಹೇಳಿದ್ದರು.

“ಅರವತ್ತು!” ಎಂದು ಕೂಗಿದ.

“ಮೊದ್ಲು ನೂರಾ ಮೂವತ್ತಿತ್ತು, ಈಗ ಅರವತ್ತಾ?” ಎಂದಳು ರುದ್ರಾಣಿ. “ಕೆಟ್ಟೋಯ್ತಾ?”

ಓಪನಿಂಗ್ ದಿನ ಗಂಡ ಹೆಂಡತಿ ನರಸೀಪುರದ ಬಸ್ಸು ಹತ್ತಿದರು. ಅಂಗಡಿಯ ಮುಂದೆ ಶಾಮಿಯಾನ, ಸೋಸಲೆಯ ನೆಂಟರು, ಅಕ್ಕಪಕ್ಕದ ಅಂಗಡಿಯವರು, ಬಸ್ಸು ಕಾಯುತ್ತಾ ನಿಂತಿದ್ದ ಒಂದಷ್ಟು ಮಂದಿ. ಫ್ಲೆಕ್ಸ್ ಹಾಗೇ ಇತ್ತು. ಮಹದೇವ ಹೊಸ ಶರ್ಟು ಹಾಕಿಕೊಂಡು ಮೈಕ್ ಹಿಡಿದು, “ನಮ್ ಭಾವನೋರು ಈಗ ಸತ್ ಸೆಲ್ಲಲ್ಲಿ ದೀಪ ಅಚ್ತಾರೆ!” ಎಂದ.

ಚನ್ನಯ್ಯ ಸತ್ತ ಸೆಲ್ಲು ಸಿಕ್ಕಿಸಿದ. ದೀಪ ಹೊತ್ತಿತು. ಚಪ್ಪಾಳೆ ಬಿತ್ತು. ಮೈಕನ್ನು ಕೈಗೆ ತೆಗೆದುಕೊಂಡು ಫ್ಲೆಕ್ಸಿನ ಕಡೆ ಬೆರಳು ತೋರಿಸಿದ.

“ಅಲ್ಲಿ ಬರ್ದಿರೋದು ಸುಳ್ಳು. ನೂರು ಕೊಟ್ರೆ ಇದು ವಾಪಸ್ ಕೊಡೋದು ಅರವತ್ತು. ನೂರಾ ಮೂವತ್ತು ಅಂತ ನಾನೇ ಅಳ್ದಿದ್ದೆ, ಅಳತೆ ತಪ್ಪಾಗಿತ್ತು. ಡ್ರೈವರನ್ನ ಒಂದ್ಸಲ ಕೂರಿಸಿ ಒಂದ್ಸಲ ಇಳಿಸಿ ಲಾರಿ ತೂಗಿದಂಗೆ, ಮೀಟರನ್ನ ಒಂದ್ಸಲ ಕೂರಿಸಿ ಒಂದ್ಸಲ ಇಳಿಸಿ ಅಳ್ದುಬಿಟ್ಟಿದ್ದೆ. ತಪ್ಪಿದೆ ಅಂತ ಅವತ್ತೇ ಹೇಳಿದ್ದೆ, ನನ್ನ ಭಾಮೈದ ಆ ಮಾತನ್ನ ಕತ್ತರಿಸಿ ಕಳಿಸ್ದ.”

ಜನ ಮಹದೇವನನ್ನು ನೋಡಿದರು. ಮಹದೇವ ಫ್ಲೆಕ್ಸನ್ನು ನೋಡಿದ. ಹಿಂದಿನಿಂದ ಯಾರೋ, “ಅಂಗಾದ್ರೆ ಮಿಕ್ ನಲವತ್ತು ಎಲ್ಲೋಯ್ತು?” ಎಂದರು.

ಇಷ್ಟು ದಿನದಲ್ಲಿ ಒಬ್ಬರು ಕೇಳಿದ ಮೊದಲ ಸರಿಯಾದ ಪ್ರಶ್ನೆ. ಚನ್ನಯ್ಯನ ಮುಖ ಅರಳಿತು. “ಬಿಸಿಯಾಗಿ ಓಯ್ತದೆ. ಟ್ರಾನ್ಸಿಸ್ಟರಲ್ಲಿ, ತಂತೀಲಿ.”

ಕೇಳಿದವನು ಮುಂದೆ ಬಂದು ಮುಟ್ಟಿ ನೋಡಿದ. “ತಣ್ಣಗದಲ್ಲಾ ಸಾ.”

“ಕೈಗೆ ಗೊತ್ತಾಗೋ ಅಷ್ಟು ಬಿಸಿ ಅಲ್ಲಪ್ಪ ಅದು...”

“ಗೊತ್ತಾಗ್ದಿದ್ ಮೇಲೆ ಬಿಸಿ ಅಂತ ಎಂಗೇಳ್ತೀರಿ?” ಎಂದು ಅವನು ಲಾಡು ಹಂಚುತ್ತಿದ್ದ ಕಡೆ ಹೊರಟ. ಜನವೂ ಅವನ ಹಿಂದೆ ಹೋಯಿತು. ಮೈಕು ಚನ್ನಯ್ಯನ ಕೈಯಲ್ಲೇ ಉಳಿಯಿತು.

ಮಹದೇವ ಹತ್ತಿರ ಬಂದ. “ಏನ್ ಭಾವ, ನನ್ ಓಪನಿಂಗ್ ದಿನಾನೇ?”

“ಫೋನ್ ತೆಗಿ. ವಿಡಿಯೋ ಮಾಡು. ಈಗ ಹೇಳ್ದೆನಲ್ಲ, ಅಷ್ಟನ್ನೂ ಮತ್ತೆ ಹೇಳ್ತೀನಿ. ಒಂದಕ್ಷರ ಕತ್ತರಿಸಿದ್ರೆ ನಿನ್ನಂಗಡಿ ಮೆಟ್ಲು ತುಳಿಯಲ್ಲ.”

“ಯಾರ್ ಭಾವ ನೋಡ್ತಾರೆ ಅದ್ನ?”

ಪಕ್ಕದಲ್ಲಿ ನಿಂತಿದ್ದ ರುದ್ರಾಣಿ ಲಾಡಿನ ತಟ್ಟೆ ಕೆಳಗಿಟ್ಟಳು. “ಮಾಡೋ. ಅವ್ರ ಕೆಲ್ಸದ್ ಮಾತದು. ಆ ಡೊಳ್ಳು ಬ್ಯಾರೆ ಆಕ್ಬೇಡ, ನಂಗೇ ತಲೆನೋವು ಬತ್ತದೆ.”

ಮಹದೇವ ಮಾಡಿದ. ಮುಖ ಗಂಟಿಕ್ಕಿಕೊಂಡೇ, ಎದುರಿಗೇ ನಿಂತು, ಹಿಂದೆ ಕಳಿಸಿದ್ದ ಗುಂಪುಗಳಿಗೆಲ್ಲ ಕಳಿಸಿದ. ಫ್ಲೆಕ್ಸ್ ಬಿಚ್ಚಲು ಏಣಿ ಸಿಗಲಿಲ್ಲ. ಕೊನೆಗೆ ‘ನೂರಾ ಮೂವತ್ತು’ ಎಂಬುದರ ಮೇಲೆ ಸಿಸಿಟಿವಿ ಕಂಪನಿಯ ಕ್ಯಾಲೆಂಡರ್ ಒಂದನ್ನು ಅಂಟಿಸಿದರು. ಮಿಂಚಿನ ಮುಂದೆ ಚನ್ನಯ್ಯನ ಮುಖ ಹಾಗೇ ಉಳಿಯಿತು.

ಮಹದೇವ ಹೇಳಿದ್ದು ಸುಳ್ಳಾಗಲಿಲ್ಲ. ಹೊಸ ವಿಡಿಯೋವನ್ನು ಮುಂದಕ್ಕೆ ಕಳಿಸಿದವರು ಒಬ್ಬಿಬ್ಬರು ಮಾತ್ರ. ವೇಬ್ರಿಡ್ಜ್‌ನಲ್ಲಿ ಆ ವಾರವೂ ಎರಡು ಲಾರಿಗಳು ಸ್ಲಿಪ್ ತೆಗೆದುಕೊಂಡು ತಾಂಡವಪುರದ ಕಡೆಗೇ ತಿರುಗಿದವು. ಚನ್ನಯ್ಯ ತಿರುಗಿ ನೋಡುವುದನ್ನು ಬಿಟ್ಟ.

ಮುಂದಿನ ವಾರ ಶಿವಮಲ್ಲಪ್ಪ ಜೋಳ ತಂದ. ಲಾರಿ ಬ್ರಿಡ್ಜ್ ಹತ್ತುವ ಮೊದಲೇ ಕಿಟಕಿಯಲ್ಲಿ ತಲೆ ತೂರಿಸಿದ.

“ಏನ್ರೀ ಚನ್ನಯ್ಯನೋರೇ, ಈಗ ನೂರಕ್ಕೆ ಅರವತ್ತೇ ಅಂತೆ? ಮೊದ್ಲೇ ವಾಸಿಯಾಗಿತ್ತಲ್ರೀ! ನನ್ ಜೋಳದಲ್ಲಿ ನಲವತ್ತು ನುಂಗ್ಬುಟ್ರೆ ನಾನೇನ್ ಮಾಡ್ಲಿ?”

ಚನ್ನಯ್ಯ ಹಣೆ ಒತ್ತಿಕೊಂಡ. “ಶಿವಮಲ್ಲಪ್ಪನೋರೇ, ಅದು ದೀಪ. ಇದು ಬ್ರಿಡ್ಜ್.”

“ಗೊತ್ತು ಬುಡಿ. ಪೂರ್ತಿ ನೋಡ್ದೆ, ಎರಡ್ ಸಲ. ಮೀಟ್ರನ್ನ ಒಂದ್ಸಲ ಕೂರ್ಸಿ ಒಂದ್ಸಲ ಇಳ್ಸಿ ತೂಗ್ಬುಟ್ಟೆ ಅಂತ ಎಲ್ರ ಮುಂದೆ ಒಪ್ಕಂಡ್ರಲ್ಲ” ಎಂದ ಶಿವಮಲ್ಲಪ್ಪ. ಅಷ್ಟರಲ್ಲಿ ಲಾರಿ ಬ್ರಿಡ್ಜ್ ಮೇಲೆ ಬಂದು ನಿಂತಿತು. ಚನ್ನಯ್ಯ ಕಿಟಕಿಗೆ ಬಗ್ಗಿ ಬಾಯಿ ತೆರೆಯುವ ಮೊದಲೇ ಶಿವಮಲ್ಲಪ್ಪ ಲಾರಿಯ ಬಾಗಿಲು ಗುದ್ದಿ ಕೂಗಿದ.

“ಇಳೀಲಾ! ನೀನೇ ಮೀಟ್ರು, ಗೊತ್ತಿಲ್ವಾ?”

ಡ್ರೈವರು ಏನೂ ಅರ್ಥವಾಗದೆ ಇಳಿದ. ಅಂಕಿ ನಿಂತಿತು. ಚನ್ನಯ್ಯ ಸ್ಲಿಪ್ ಹರಿದು ಕೊಟ್ಟ. ಶಿವಮಲ್ಲಪ್ಪ ನೋಡದೆ ಮಡಚಿ ಜೇಬಿಗೆ ಹಾಕಿಕೊಂಡು, ಡ್ರೈವರಿಗೆ ನೇರ ಮಿಲ್ಲಿನ ದಾರಿ ಹಿಡಿಯಲು ಹೇಳಿದ.